ಈಡಿಪಸ್ ಪಾತ್ರ ಮಾಡುವಾಗ ಅವನ ದೋಷವನ್ನು ನಾನು ಹುಡುಕಿದ ಬಗೆ

ಸೋಫೋಕ್ಲಿಸ್ ಬರೆದ ಗ್ರೀಕ್ ದುರಂತ ನಾಟಕದಲ್ಲಿ ಈಡಿಪಸ್ ಥೀಬ್ಸ್ ಊರಿನ ದೊರೆ, ಗೊತ್ತಿಲ್ಲದೆಯೇ ಅಪ್ಪನನ್ನು ಕೊಂದು ತಾಯಿಯನ್ನು ಮದುವೆಯಾದವನು. ಅವನ ಪಾತ್ರ ಮಾಡ್ತಿದ್ದೀನಿ ಅಂದರೆ ಸಾಕು, ನಾಟಕ ಗೊತ್ತಿರುವವರೆಲ್ಲ ಒಂದೇ ಸಲಹೆ ಕೊಡುತ್ತಾರೆ: ಅಹಂಕಾರ ಚೆನ್ನಾಗಿ ತೋರಿಸು, ಅದೇ ಅವನ ದೋಷ. ನನಗೆ ಇದು ಒಪ್ಪಿಗೆಯಾಗಲಿಲ್ಲ. ಮೊದಲ ದೃಶ್ಯದಲ್ಲೇ ಎದೆ ಸೆಟೆಸಿಕೊಂಡು ನಿಂತರೆ, ಅವನು ಬಿದ್ದಾಗ ನೋಡುವವರು ಮಾಡಿದ್ದುಣ್ಣೋ ಮಹರಾಯ ಅಂದುಕೊಂಡು ಸುಮ್ಮನಾಗುತ್ತಾರೆ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಕೂಡ ಅಹಂಕಾರದ ಮಾತು ಎತ್ತುವುದಿಲ್ಲ. ದುರಂತ ನಾಯಕ ನಮ್ಮಂಥವನೇ, ಮಹಾ ಸಜ್ಜನನೂ ಅಲ್ಲ, ದುಷ್ಟನೂ ಅಲ್ಲ, ಯಾವುದೋ ಒಂದು ಹಮಾರ್ತಿಯಾದಿಂದ, ಅಂದರೆ ತಪ್ಪು ಹೆಜ್ಜೆಯಿಂದ ಬೀಳುತ್ತಾನೆ ಅನ್ನುತ್ತಾನೆ. ಅದಕ್ಕೆ ಅವನು ಹೆಸರಿಸುವವರಲ್ಲಿ ಈಡಿಪಸ್ ಮೊದಲಿಗ.

ಹಾಗಾಗಿ ನಾನು ಮೊದಲು ಮಾಡಿದ ಕೆಲಸ ಅಂದರೆ, ಸ್ಕ್ರಿಪ್ಟ್‌ನಲ್ಲಿ ಅವನು ಕೇಳುವ ಪ್ರಶ್ನೆಗಳಿಗೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದು. ಎಲ್ಲಿ ತೆಗೆದರೂ ಗೆರೆ. ಯಾರು, ಎಲ್ಲಿ, ಯಾವಾಗ, ನೋಡಿದವರು ಯಾರಾದರೂ ಉಳಿದಿದ್ದಾರಾ? ಥೀಬ್ಸ್‌ಗೆ ಸಾಂಕ್ರಾಮಿಕ ಬಡಿದಿದೆ, ಜನ ಬಂದು ಅರಮನೆ ಮುಂದೆ ಕೂತಿದ್ದಾರೆ. ಅವರು ಕೇಳುವ ಮೊದಲೇ ಅವನು ಹೆಂಡತಿ ಜೊಕಾಸ್ಟಳ ಸೋದರ ಕ್ರಿಯಾನ್‌ನನ್ನು ದೈವವಾಣಿ ಕೇಳಿ ಬರಲು ಡೆಲ್ಫಿಯ ದೇಗುಲಕ್ಕೆ ಕಳಿಸಿ ಆಗಿದೆ. ಹಿಂದಿನ ದೊರೆ ಲಾಯಸ್‌ನನ್ನು ಕೊಂದವನನ್ನು ಹುಡುಕಿ ಅಂತ ಅಲ್ಲಿಂದ ಉತ್ತರ ಬರುತ್ತದೆ. ಹಿಂದೆ ಊರನ್ನು ಕಾಡುತ್ತಿದ್ದ ರಾಕ್ಷಸಿ ಸ್ಫಿಂಕ್ಸ್‌ನ ಒಗಟು ಬಿಡಿಸಿ ಊರು ಉಳಿಸಿದ್ದೂ ಇದೇ ಬುದ್ಧಿ. ನಾನು ಆಡಬೇಕಾಗಿದ್ದು ಇದನ್ನೇ ಅಂತ ತೀರ್ಮಾನಿಸಿದೆ.

ಆದರೆ ಅವನಿಗೆ ಕೋಪವೂ ಇದೆ, ಅದನ್ನು ಬಿಟ್ಟು ಆಡೋಕಾಗಲ್ಲ. ಕಾಲಜ್ಞಾನಿ ತೈರೀಸಿಯಸ್ ಬರುವ ದೃಶ್ಯ ನೋಡಿ. ಆ ಕುರುಡ ಮುದುಕನಿಗೆ ಎಲ್ಲಾ ಗೊತ್ತು, ಹೇಳಲ್ಲ ಅಂತಾನೆ. ಊರು ಸಾಯುತ್ತಿರುವಾಗ ಗೊತ್ತಿರುವವನು ಬಾಯಿ ಮುಚ್ಚಿಕೊಂಡು ನಿಂತರೆ ಯಾರಿಗೆ ಸಿಟ್ಟು ಬರಲ್ಲ? ನಾನು ಸಿಟ್ಟನ್ನು ಅಲ್ಲಿಂದ ಹಿಡಿದೆ. ಮೊದಲು ಬೇಡಿಕೊಳ್ಳುವ ದನಿ, ಆಮೇಲೆ ಏರುವ ದನಿ. ಅಥೆನ್ಸಿನ ನಟರು ಮುಖವಾಡ ಹಾಕಿಕೊಂಡು ಆಡುತ್ತಿದ್ದವರು, ಹುಬ್ಬು ಗಂಟಿಕ್ಕಿ ಕೋಪ ತೋರಿಸುವ ದಾರಿಯೇ ಅವರಿಗಿರಲಿಲ್ಲ, ಎಲ್ಲಾ ದನಿಯಲ್ಲೇ ಬರಬೇಕಿತ್ತು. ನಾನೂ ತಾಲೀಮಿನಲ್ಲಿ ಮುಖದ ಕೆಲಸ ಆದಷ್ಟು ಕಮ್ಮಿ ಮಾಡಿದೆ. ಕೊಲೆಗಾರ ನೀನೇ ಅಂತ ತೈರೀಸಿಯಸ್ ಅಂದ ತಕ್ಷಣ ಈಡಿಪಸ್ ಎಗರಿ ಬೀಳುತ್ತಾನೆ: ಇದು ಕ್ರಿಯಾನ್‌ನ ಪಿತೂರಿ, ಸಿಂಹಾಸನಕ್ಕೆ ಹಾಕಿದ ಹೊಂಚು! ಸಾಕ್ಷಿ ಏನೂ ಇಲ್ಲ. ಕೇಳುವುದೂ ಬೇಗ, ತೀರ್ಮಾನವೂ ಬೇಗ. ಹಿಂದೆ ಮೂರು ದಾರಿ ಕೂಡುವ ಕಡೆ ರಥದಲ್ಲಿದ್ದ ಮುದುಕ ತಲೆಗೆ ಹೊಡೆದಾಗ, ಅವನು ಯಾರು ಅಂತ ವಿಚಾರಿಸದೆ ಕೋಲೆತ್ತಿದ್ದೂ ಇದೇ ಆತುರದಲ್ಲಿ.

ನನಗೆ ಅತಿ ಇಷ್ಟವಾದದ್ದು, ಜಾಸ್ತಿ ತಾಲೀಮು ಬೇಡಿದ್ದು, ಜೊಕಾಸ್ಟಳ ಜೊತೆಗಿನ ದೃಶ್ಯ. ಭವಿಷ್ಯವಾಣಿಯೆಲ್ಲ ಸುಳ್ಳು ಅಂತ ಗಂಡನಿಗೆ ಸಮಾಧಾನ ಹೇಳಲು ಅವಳು ಹಳೇ ಕಥೆ ಹೇಳುತ್ತಾಳೆ. ಅವಳ ಮೊದಲ ಗಂಡ ಲಾಯಸ್ ಮಗನ ಕೈಯಲ್ಲಿ ಸಾಯುತ್ತಾನೆ ಅಂತ ಭವಿಷ್ಯವಿತ್ತು, ಆದರೆ ಸತ್ತಿದ್ದು ಮಗನ ಕೈಯಲ್ಲಲ್ಲ, ಮೂರು ದಾರಿ ಕೂಡುವಲ್ಲಿ ಕಳ್ಳರ ಕೈಯಲ್ಲಿ. ಮಗು ಹುಟ್ಟಿ ಮೂರು ದಿನವೂ ಆಗಿರಲಿಲ್ಲ, ಕಾಲಿನ ಹರಡು ಕಟ್ಟಿಸಿ ಬೆಟ್ಟಕ್ಕೆ ಎಸೆಸಿಬಿಟ್ಟರು. ಈಡಿಪಸ್ ಕಿವಿಗೆ ಬೀಳುವುದು ಮೂರು ದಾರಿ ಮಾತ್ರ. ಕಾಲಿನ ಮಾತು ಅವನನ್ನು ದಾಟಿ ಹೋಗುತ್ತದೆ, ಅವನ ಹರಡಿನಲ್ಲೇ ಆ ಗಾಯದ ಗುರುತಿದ್ದರೂ! ನಾನು ಹೀಗೆ ಮಾಡಿದೆ: ಮೂರು ದಾರಿ ಅಂದ ಕೂಡಲೇ ಇದ್ದಲ್ಲೇ ನಿಂತೆ, ಕತ್ತೂ ತಿರುಗಿಸಲಿಲ್ಲ. ಅವಳು ಮಗುವಿನ ಕಥೆ ಮುಗಿಸುವವರೆಗೂ ನಾನು ಕೇಳಿಸಿಕೊಳ್ಳುತ್ತಿಲ್ಲ ಅಂತ ಪ್ರೇಕ್ಷಕರಿಗೆ ಗೊತ್ತಾಗಬೇಕು. ಆಮೇಲೆ ಸಣ್ಣ ದನಿಯಲ್ಲಿ ಒಂದೊಂದೇ ಪ್ರಶ್ನೆ. ಯಾವ ಸೀಮೆ? ಎಷ್ಟು ಕಾಲವಾಯಿತು? ನೋಡಲು ಹೇಗಿದ್ದ? ಜೊತೆಗೆ ಎಷ್ಟು ಜನ? ಪ್ರತಿ ಉತ್ತರಕ್ಕೂ ಕುತ್ತಿಗೆಯ ಹಗ್ಗ ಇನ್ನಷ್ಟು ಬಿಗಿಯುತ್ತದೆ, ಆದರೂ ಕೇಳುವುದು ನಿಲ್ಲಲ್ಲ.

ಮುಂದೆ ಜೊಕಾಸ್ಟ ಇನ್ನು ಹುಡುಕಬೇಡ ಅಂತ ಅಂಗಲಾಚುತ್ತಾಳೆ. ನನ್ನ ಹುಟ್ಟು ಕೀಳೆಂದು ಇವಳಿಗೆ ನಾಚಿಕೆ ಅಂದುಕೊಳ್ಳುತ್ತಾನೆ ಅವನು. ಮತ್ತೆ ಅದೇ ಆತುರ. ಕೊನೆಗೆ, ಆ ಮಗುವನ್ನು ಬೆಟ್ಟಕ್ಕೆ ಒಯ್ದಿದ್ದ ಕುರುಬ, ಹೇಳಬಾರದ್ದನ್ನು ಹೇಳುವ ಹೊತ್ತು ಬಂತಲ್ಲಾ ಅಂದಾಗ ಈಡಿಪಸ್, ಕೇಳಬಾರದ್ದನ್ನು ಕೇಳುವ ಹೊತ್ತು ನನಗೂ ಬಂತು, ಆದರೂ ಕೇಳಲೇಬೇಕು ಅನ್ನುತ್ತಾನೆ. ಈ ಮಾತನ್ನು ನಾನು ಅಳುತ್ತಾ ಹೇಳಲಿಲ್ಲ, ಗಟ್ಟಿಯಾಗಿ ಹೇಳಿದೆ. ಅವನ ದೊಡ್ಡತನ ಯಾವುದು, ದೋಷ ಯಾವುದು ಅಂತ ಬೇರೆ ಮಾಡಲು ಇಲ್ಲಿ ಸಾಧ್ಯವೇ ಇಲ್ಲ.

ಸತ್ಯ ಗೊತ್ತಾಗಿ ಜೊಕಾಸ್ಟ ನೇಣು ಹಾಕಿಕೊಳ್ಳುತ್ತಾಳೆ, ಈಡಿಪಸ್ ತನ್ನ ಕಣ್ಣು ಚುಚ್ಚಿಕೊಳ್ಳುತ್ತಾನೆ. ಹಾಗೆ ಕುರುಡನಾಗಿ ಬಂದ ಮೇಲೆ ಎಷ್ಟೋ ನಟರು ಕುಸಿದು ಕೂತುಬಿಡುತ್ತಾರೆ. ಅದು ನನಗೆ ಸರಿ ಕಾಣಲಿಲ್ಲ. ಸೋಫೋಕ್ಲಿಸ್ ಬರೆದಿರುವುದು ನೋಡಿ, ಅವನಿನ್ನೂ ಕ್ರಿಯಾನ್‌ಗೆ ಅಪ್ಪಣೆ ಕೊಡುತ್ತಾನೆ, ಕೇಳಿಕೊಳ್ಳುತ್ತಾನೆ. ಜೊಕಾಸ್ಟಳನ್ನು ಮಣ್ಣು ಮಾಡು, ನನ್ನನ್ನು ಊರಾಚೆ ಕಳಿಸು, ಹೆಣ್ಣುಮಕ್ಕಳನ್ನು ಕಿತ್ತುಕೊಳ್ಳಬೇಡ. ಎಲ್ಲದರಲ್ಲೂ ನಿನ್ನದೇ ನಡೆಯಬೇಕು ಅನ್ನಬೇಡ ಅಂತ ಕ್ರಿಯಾನ್ ತಡೆಯಬೇಕಾಗುತ್ತದೆ. ಆದ್ದರಿಂದ ನಾನು ಅಲ್ಲೂ ನೆಟ್ಟಗೆ ನಿಂತು, ಮೊದಲ ದೃಶ್ಯದ ದೊರೆಯ ದನಿಯಲ್ಲೇ ಆಡಿದೆ.