ಮನುಷ್ಯರ ವರ್ತನೆಯ ಬಗೆಗಿನ ಊಹೆಯನ್ನು ಪರೀಕ್ಷೆಗೆ ಒಡ್ಡುವುದು ಹೇಗೆ?

ಬಹುಮಾನ ಸಿಗುತ್ತದೆಂದು ಗೊತ್ತಾದರೆ ಕೆಲಸದ ಉತ್ಸಾಹ ಹೆಚ್ಚುತ್ತದೆ ಎಂದು ಕೆಲವರು ಹೇಳುತ್ತಾರೆ; ಬಹುಮಾನದ ಆಸೆ ಹತ್ತಿದ ಮೇಲೆ ಕೆಲಸದ ಮೇಲಿನ ಪ್ರೀತಿಯೇ ಕಡಿಮೆಯಾಗುತ್ತದೆ ಎಂದು ಇನ್ನು ಕೆಲವರು. ಎರಡು ಮಾತೂ ಕೇಳುವುದಕ್ಕೆ ಸರಿಯೆನಿಸುತ್ತವೆ, ಎರಡಕ್ಕೂ ಬೇಕಾದಷ್ಟು ಉದಾಹರಣೆಗಳು ಸಿಗುತ್ತವೆ. ಮನುಷ್ಯರ ಅಭಿಪ್ರೇರಣೆ (ಕೆಲಸಕ್ಕೆ ತೊಡಗಿಸುವ ಒಳಗಿನ ಒತ್ತಾಸೆ), ವರ್ತನೆ ಮತ್ತು ತರ್ಕದ ಬಗ್ಗೆ ಸಂಶೋಧನೆಗೆ ಇಳಿಯುವವರ ಮೊದಲ ತೊಡಕು ಇದೇ: ಇಲ್ಲಿ ಯಾವ ಊಹೆಗಾದರೂ ಸಾಕ್ಷಿ ಒದಗಿಸುವುದು ಸುಲಭ. ಆದ್ದರಿಂದ ಅಧ್ಯಯನವೊಂದರ ಬೆಲೆ ಬಹುಮಟ್ಟಿಗೆ ದತ್ತಾಂಶ ಕೈಗೆ ಬರುವ ಮೊದಲೇ ನಿರ್ಧಾರವಾಗಿಬಿಡುತ್ತದೆ. ಯಾವ ಫಲಿತಾಂಶ ಬಂದರೆ ನಮ್ಮ ಊಹೆ ಸೋತಿತೆಂದು ಒಪ್ಪಿಕೊಳ್ಳುತ್ತೇವೆ ಎಂಬುದನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳದಿದ್ದರೆ, ಆಮೇಲೆ ಎಷ್ಟೇ ನಾಜೂಕಾದ ಲೆಕ್ಕಾಚಾರ ಮಾಡಿದರೂ ಅದು ನಮ್ಮ ಅಭಿಪ್ರಾಯಕ್ಕೆ ಹಚ್ಚಿದ ಬಣ್ಣವಾಗಿಯೇ ಉಳಿಯುತ್ತದೆ.

ಊಹೆಗೆ ಅಂಚು ಕೊಡುವುದು

"ಬಹುಮಾನವು ಆಸಕ್ತಿಯನ್ನು ಕುಗ್ಗಿಸುತ್ತದೆ" ಎಂಬ ವಾಕ್ಯವನ್ನು ಹಾಗೆಯೇ ಪರೀಕ್ಷಿಸಲು ಬರುವುದಿಲ್ಲ. ಯಾರ ಆಸಕ್ತಿ, ಯಾವ ಬಗೆಯ ಬಹುಮಾನ, ಅದನ್ನು ಮೊದಲೇ ಹೇಳಿ ಕೊಡುವುದೋ ಹೇಳದೆ ಕೊಡುವುದೋ, ಆಸಕ್ತಿಯನ್ನು ಅಳೆಯುವುದು ಹೇಗೆ ಮತ್ತು ಯಾವಾಗ ಎಂಬ ಪ್ರಶ್ನೆಗಳಿಗೆ ಉತ್ತರ ಬರೆದಾದ ಮೇಲಷ್ಟೇ ಅದು ಪ್ರಾಕ್ಕಲ್ಪನೆ, ಅಂದರೆ ಪರೀಕ್ಷಿಸಬಲ್ಲ ಊಹೆ, ಆಗುತ್ತದೆ. ಈ ಕೆಲಸ ಅಚ್ಚುಕಟ್ಟಾಗಿ ನಡೆದರೆ ಹೇಗಿರುತ್ತದೆ ಎಂಬುದಕ್ಕೆ ಮನೋವಿಜ್ಞಾನಿಗಳಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಹತ್ತಿರದಿಂದ ನೋಡಬಹುದು. ಸ್ಕೆಚ್ ಪೆನ್ನುಗಳಿಂದ ಚಿತ್ರ ಬಿಡಿಸುವುದರಲ್ಲಿ ಆಗಲೇ ಆಸಕ್ತಿ ತೋರಿದ್ದ ಶಿಶುವಿಹಾರದ ಮಕ್ಕಳನ್ನು ಅವರು ಆರಿಸಿಕೊಂಡರು. ಒಂದು ಗುಂಪಿನ ಮಕ್ಕಳಿಗೆ, ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ನಕ್ಷತ್ರ ಮತ್ತು ರಿಬ್ಬನ್ ಇರುವ ಪ್ರಶಸ್ತಿಪತ್ರ ಸಿಗುವುದೆಂದು ಮೊದಲೇ ಹೇಳಲಾಯಿತು. ಎರಡನೆಯ ಗುಂಪಿಗೆ ಏನೂ ಹೇಳದೆ, ಚಿತ್ರ ಮುಗಿದ ಮೇಲೆ ಅದೇ ಪ್ರಶಸ್ತಿಪತ್ರವನ್ನು ಕೊಡಲಾಯಿತು. ಮೂರನೆಯ ಗುಂಪಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಕೆಲವು ದಿನಗಳ ಬಳಿಕ ತರಗತಿಯಲ್ಲಿ ಅವೇ ಪೆನ್ನುಗಳನ್ನು ಇಟ್ಟು, ಬಹುಮಾನದ ಸುದ್ದಿಯೇ ಇಲ್ಲದ ಹೊತ್ತಿನಲ್ಲಿ ಮಕ್ಕಳು ತಾವಾಗಿಯೇ ಎಷ್ಟು ಕಾಲ ಚಿತ್ರ ಬಿಡಿಸುತ್ತಾರೆಂದು ಗಮನಿಸಲಾಯಿತು. ಬಹುಮಾನ ನಿರೀಕ್ಷಿಸಿದ್ದ ಮಕ್ಕಳು ಆ ಅವಧಿಯ ಸುಮಾರು 8.6 ಶೇಕಡಾ ಕಾಲವನ್ನು ಚಿತ್ರಕ್ಕೆ ಕೊಟ್ಟರು. ಬಹುಮಾನವೇ ಇಲ್ಲದವರು 16.7 ಶೇಕಡಾ, ಅನಿರೀಕ್ಷಿತವಾಗಿ ಪಡೆದವರು 18.1 ಶೇಕಡಾ.

ಈ ವಿನ್ಯಾಸದ ಜೀವ ಇರುವುದು ಎರಡನೆಯ ಗುಂಪಿನಲ್ಲಿ. ಅದು ಇಲ್ಲದೆ ಉಳಿದ ಎರಡನ್ನೇ ಹೋಲಿಸಿದ್ದರೆ, ಬಹುಮಾನ ಕೈಗೆ ಬಂದದ್ದೇ ಆಸಕ್ತಿ ಇಳಿಯಲು ಕಾರಣ ಎಂದು ಯಾರಾದರೂ ವಾದಿಸಬಹುದಿತ್ತು. ಅದೇ ಬಹುಮಾನವನ್ನು ಪಡೆದೂ ಆಸಕ್ತಿ ಉಳಿಸಿಕೊಂಡ ಗುಂಪೊಂದು ಇರುವುದರಿಂದ ಆ ವಾದಕ್ಕೆ ಎಡೆಯಿಲ್ಲ. ವ್ಯತ್ಯಾಸ ಇರುವುದು ನಿರೀಕ್ಷೆಯಲ್ಲಿ. ನಿಮ್ಮ ಅಧ್ಯಯನಕ್ಕೂ ಇದೇ ಕ್ರಮವನ್ನು ಅನುಸರಿಸಿ: ನಿಮ್ಮ ವಿವರಣೆಗೆ ಎದುರಾಗಬಲ್ಲ ಬಲವಾದ ಪ್ರತಿವಿವರಣೆ ಯಾವುದೆಂದು ಮೊದಲು ಬರೆದುಕೊಳ್ಳಿ, ಆಮೇಲೆ ಎರಡೂ ಬೇರೆ ಬೇರೆ ಫಲಿತಾಂಶವನ್ನು ಮುನ್ನುಡಿಯುವ ಸನ್ನಿವೇಶವೊಂದನ್ನು ಹುಡುಕಿ. ಅಂಥ ಸನ್ನಿವೇಶ ಸಿಗದಿದ್ದರೆ ಅಧ್ಯಯನವನ್ನು ಆರಂಭಿಸದಿರುವುದೇ ಲೇಸು.

ಕೇಳುವುದೋ, ನೋಡುವುದೋ

ಆ ಸಂಶೋಧಕರು ಮಕ್ಕಳನ್ನು "ನಿಮಗೆ ಚಿತ್ರ ಬಿಡಿಸುವುದು ಇಷ್ಟವೇ" ಎಂದು ಕೇಳಿ ಸುಮ್ಮನಾಗಲಿಲ್ಲ. ಪ್ರಶ್ನಾವಳಿ ಹಂಚುವುದು ಅಗ್ಗವೂ ಹೌದು, ಬೇಗ ಮುಗಿಯುವಂಥದೂ ಹೌದು. ಆದರೆ ತಾವು ಏಕೆ ಹಾಗೆ ಮಾಡಿದೆವು ಎಂಬ ವಿಷಯದಲ್ಲಿ ಜನ ಕೊಡುವ ಉತ್ತರವನ್ನು ಕಾರಣವೆಂದು ಎಣಿಸುವುದು ಅಪಾಯ. ನಿಸ್ಬೆಟ್ ಮತ್ತು ತಿಮೊತಿ ವಿಲ್ಸನ್ 1977ರಲ್ಲಿ ವರದಿ ಮಾಡಿದ ಪ್ರಯೋಗವೊಂದರಲ್ಲಿ, ಸಾಲಾಗಿ ಇಟ್ಟ ನಾಲ್ಕು ಜೊತೆ ಕಾಲುಚೀಲಗಳಲ್ಲಿ ಉತ್ತಮವಾದುದನ್ನು ಆರಿಸಲು ಹೇಳಲಾಗಿತ್ತು. ನಾಲ್ಕೂ ಒಂದೇ ಬಗೆಯವು. ಆದರೂ ಎಡತುದಿಯದಕ್ಕಿಂತ ಬಲತುದಿಯದನ್ನು ಆರಿಸಿದವರು ಸುಮಾರು ನಾಲ್ಕು ಪಟ್ಟು. ಕಾರಣ ಕೇಳಿದಾಗ ಇಟ್ಟ ಸ್ಥಾನದ ಮಾತನ್ನು ತಾವಾಗಿ ಎತ್ತಿದವರು ಒಬ್ಬರೂ ಇರಲಿಲ್ಲ.

ಇದರಿಂದ ಪ್ರಶ್ನಾವಳಿಯೇ ನಿರುಪಯುಕ್ತ ಎಂದು ತೀರ್ಮಾನಿಸಬೇಕಿಲ್ಲ. ನಂಬಿಕೆ, ಭಾವನೆ, ಉದ್ದೇಶಗಳನ್ನು ತಿಳಿಯಲು ಕೇಳುವುದೇ ನೇರವಾದ ದಾರಿ. ವರ್ತನೆಯ ಬಗ್ಗೆ ಹೇಳಬೇಕಾದರೆ ವರ್ತನೆಯನ್ನೇ ಅಳೆಯಿರಿ: ಎಷ್ಟು ಹೊತ್ತು ಮುಂದುವರಿಸಿದರು, ಯಾವುದನ್ನು ಆರಿಸಿದರು, ಯಾವಾಗ ಬಿಟ್ಟರು. ಅಳೆಯುವವರಿಗೆ ಯಾರು ಯಾವ ಗುಂಪಿನವರೆಂದು ತಿಳಿಯದಂತೆ ನೋಡಿಕೊಳ್ಳಿ.

ಭಾಗವಹಿಸುವವರೂ ನಿಮ್ಮನ್ನು ಅಳೆಯುತ್ತಿರುತ್ತಾರೆ ಎಂಬುದು ಇನ್ನೊಂದು ಸಂಗತಿ. ಮಾರ್ಟಿನ್ ಆರ್ನ್ 1962ರ ತಮ್ಮ ಲೇಖನದಲ್ಲಿ ಇದನ್ನು ಸ್ವಾರಸ್ಯವಾಗಿ ತೋರಿಸಿದ್ದಾರೆ. ಪ್ರತಿ ಪುಟದಲ್ಲೂ 224 ಕೂಡುವ ಲೆಕ್ಕಗಳಿದ್ದ ಸುಮಾರು 2,000 ಹಾಳೆಗಳ ರಾಶಿಯನ್ನು ಮುಂದಿಟ್ಟು, ಲೆಕ್ಕ ಮಾಡುತ್ತಿರಿ ಎಂದು ಹೇಳಿ ಹೋದರೆ, ಕುಳಿತವರು ಏಳಲೇ ಇಲ್ಲ. ಐದೂವರೆ ಗಂಟೆಯ ಬಳಿಕ ಸೋತು ಕೈಬಿಟ್ಟವರು ಪ್ರಯೋಗ ನಡೆಸುತ್ತಿದ್ದವರು. ಬೇರೆಲ್ಲೂ ಮಾಡಲೊಪ್ಪದ ಕೆಲಸವನ್ನು ಸಂಶೋಧನೆಯೆಂಬ ಒಂದೇ ಕಾರಣಕ್ಕೆ ಜನ ಮಾಡುತ್ತಾರೆ ಎಂದಮೇಲೆ, ನಿಮ್ಮ ಊಹೆ ಏನೆಂದು ಅವರಿಗೆ ಹೊಳೆದುಬಿಟ್ಟರೆ ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಹಾಗಾಗಿ ಕೊನೆಯಲ್ಲಿ, ಈ ಅಧ್ಯಯನ ಯಾವುದರ ಬಗ್ಗೆ ಎಂದು ನಿಮಗೆ ಅನಿಸಿತು ಎಂಬ ಪ್ರಶ್ನೆಯನ್ನು ತಪ್ಪದೆ ಕೇಳಿ, ಉತ್ತರಗಳನ್ನು ಗುಂಪುವಾರು ಹೋಲಿಸಿ. ಉದ್ದೇಶವನ್ನು ಮರೆಮಾಚಬೇಕಾಗಿ ಬಂದಿದ್ದರೆ ಮುಗಿದ ಕೂಡಲೇ ಅದನ್ನು ವಿವರಿಸಿ ಹೇಳುವುದು, ಯಾವ ಹಂತದಲ್ಲಾದರೂ ಹೊರನಡೆಯಬಹುದೆಂದು ಆರಂಭದಲ್ಲೇ ತಿಳಿಸಿ ಸಮ್ಮತಿ ಪಡೆಯುವುದು, ಮಕ್ಕಳಾದರೆ ಪೋಷಕರ ಅನುಮತಿಯ ಜೊತೆಗೆ ಮಗುವಿನ ಒಪ್ಪಿಗೆಯನ್ನೂ ಪಡೆಯುವುದು ನಿಮ್ಮ ಹೊಣೆ. ನೈತಿಕ ಸಮಿತಿಯ ಅನುಮೋದನೆ ಇದಕ್ಕೆಲ್ಲ ಮೊದಲೇ ಆಗಿರಬೇಕು.

ತರ್ಕವನ್ನು ಪರೀಕ್ಷಿಸುವಾಗ

ತರ್ಕದ ಅಧ್ಯಯನದಲ್ಲಿ ಜನರನ್ನು ಆರಿಸುವಷ್ಟೇ ಎಚ್ಚರದಿಂದ ಪ್ರಶ್ನೆಗಳನ್ನೂ ಆರಿಸಬೇಕು. ಪೀಟರ್ ವೇಸನ್ 1966ರಲ್ಲಿ ಮುಂದಿಟ್ಟ ನಾಲ್ಕು ಕಾರ್ಡುಗಳ ಸಮಸ್ಯೆಯನ್ನು ತೆಗೆದುಕೊಳ್ಳಿ. ಪ್ರತಿ ಕಾರ್ಡಿನ ಒಂದು ಬದಿಗೆ ಅಕ್ಷರ, ಇನ್ನೊಂದು ಬದಿಗೆ ಅಂಕೆ. ಮೇಲೆ ಕಾಣುವುದು ಒಂದು ಸ್ವರ, ಒಂದು ವ್ಯಂಜನ, ಒಂದು ಸಮಸಂಖ್ಯೆ, ಒಂದು ಬೆಸಸಂಖ್ಯೆ. "ಒಂದು ಬದಿಗೆ ಸ್ವರವಿದ್ದರೆ ಇನ್ನೊಂದು ಬದಿಗೆ ಸಮಸಂಖ್ಯೆ ಇರುತ್ತದೆ" ಎಂಬ ನಿಯಮ ನಿಜವೇ ಎಂದು ತಿಳಿಯಲು ಯಾವ ಕಾರ್ಡುಗಳನ್ನು ತಿರುಗಿಸಬೇಕು? ಉತ್ತರ ಸ್ವರ ಮತ್ತು ಬೆಸಸಂಖ್ಯೆ: ಸ್ವರದ ಹಿಂದೆ ಬೆಸಸಂಖ್ಯೆಯೋ ಬೆಸಸಂಖ್ಯೆಯ ಹಿಂದೆ ಸ್ವರವೋ ಇದ್ದರೆ ಮಾತ್ರ ನಿಯಮ ಮುರಿಯುತ್ತದೆ. ಇದನ್ನು ಸರಿಯಾಗಿ ಹೇಳುವವರು ಬಹಳ ಕಡಿಮೆ. ಹೆಚ್ಚಿನವರು ಸ್ವರ ಮತ್ತು ಸಮಸಂಖ್ಯೆಯ ಕಡೆಗೆ ಹೋಗುತ್ತಾರೆ. ಇಷ್ಟಕ್ಕೇ ನಿಂತಿದ್ದರೆ ಮನುಷ್ಯರಿಗೆ ಇಂಥ ತರ್ಕವೇ ಬಾರದು ಎಂದು ಬರೆದುಬಿಡಬಹುದಿತ್ತು. ಆದರೆ 1982ರಲ್ಲಿ ರಿಚರ್ಡ್ ಗ್ರಿಗ್ಸ್ ಮತ್ತು ಜೇಮ್ಸ್ ಕಾಕ್ಸ್ ಇದೇ ಸಮಸ್ಯೆಗೆ ಮದ್ಯಪಾನದ ವಯೋಮಿತಿಯ ಉಡುಪು ತೊಡಿಸಿದಾಗ, ಅಂದರೆ ಯಾರ ವಯಸ್ಸನ್ನು, ಯಾರ ಪಾನೀಯವನ್ನು ತಪಾಸಣೆ ಮಾಡಬೇಕು ಎಂದು ಕೇಳಿದಾಗ, ನಾಲ್ಕರಲ್ಲಿ ಸುಮಾರು ಮೂವರು ಸರಿಯಾಗಿ ಉತ್ತರಿಸಿದರು. ಸಮಸ್ಯೆಯ ಚೌಕಟ್ಟು ಒಂದೇ, ವಸ್ತು ಬೇರೆ. ಆದ್ದರಿಂದ ಒಂದೇ ಪ್ರಶ್ನೆಯಿಂದ ಸಾಮಾನ್ಯ ತೀರ್ಮಾನಕ್ಕೆ ಹಾರಬೇಡಿ. ಒಂದೇ ಚೌಕಟ್ಟಿನ ಹಲವು ಪ್ರಶ್ನೆಗಳನ್ನು ಬೇರೆ ಬೇರೆ ವಸ್ತುಗಳ ಮೇಲೆ ರಚಿಸಿ, ವಿಶ್ಲೇಷಣೆಯಲ್ಲಿ ಪ್ರಶ್ನೆಯಿಂದ ಪ್ರಶ್ನೆಗಿರುವ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ವೇಸನ್ ಅವರ ಇದಕ್ಕೂ ಹಿಂದಿನ, 1960ರ ಪ್ರಯೋಗ ಸಂಶೋಧಕರಿಗೇ ಹಿಡಿದ ಕನ್ನಡಿ. 2, 4, 6 ಎಂಬ ಮೂರು ಸಂಖ್ಯೆಗಳು ಒಂದು ನಿಯಮಕ್ಕೆ ಒಳಪಟ್ಟಿವೆ, ಬೇರೆ ಸಂಖ್ಯೆಗಳನ್ನು ಹೇಳಿ ನೋಡಿ ಆ ನಿಯಮವನ್ನು ಕಂಡುಹಿಡಿಯಿರಿ ಎಂದಾಗ, ಬಹಳ ಜನ ತಮ್ಮ ಊಹೆಗೆ ಹೊಂದುವ 8, 10, 12ರಂಥ ಸಂಖ್ಯೆಗಳನ್ನೇ ಹೇಳುತ್ತ ಹೋದರು. ನಿಯಮ ಇದ್ದದ್ದು ಇಷ್ಟೇ: ಸಂಖ್ಯೆಗಳು ಏರುತ್ತ ಹೋಗಬೇಕು. 29 ಜನರಲ್ಲಿ ಮೊದಲ ಘೋಷಣೆಯಲ್ಲೇ ಸರಿಯಾಗಿ ಹೇಳಿದವರು ಆರೇ ಮಂದಿ. 1, 2, 17 ಎಂದು ಒಮ್ಮೆ ಕೇಳಿ ನೋಡಿದ್ದರೆ ತಪ್ಪು ಊಹೆ ಅಲ್ಲಿಗೇ ಬಿದ್ದುಹೋಗುತ್ತಿತ್ತು.

ಹಂಚಿಕೆ, ಸಂಖ್ಯೆ, ಲೆಕ್ಕ

ಯಾರು ಯಾವ ಗುಂಪಿಗೆ ಎಂಬುದನ್ನು ಕಂಪ್ಯೂಟರಿನ ಯಾದೃಚ್ಛಿಕ ಸಂಖ್ಯೆಗಳಿಗೆ ಬಿಡಿ. ಮೊದಲು ಬಂದವರನ್ನು ಒಂದು ಗುಂಪಿಗೆ, ತಡವಾಗಿ ಬಂದವರನ್ನು ಇನ್ನೊಂದಕ್ಕೆ ಹಾಕುವ ಅಡ್ಡದಾರಿ ಬೇಡ. ಬೇಗ ಬರುವವರ ಅಭಿಪ್ರೇರಣೆಯೇ ಬೇರೆ ಇರಬಹುದು. ಯಾದೃಚ್ಛಿಕ ಹಂಚಿಕೆ ಸಾಧ್ಯವಿಲ್ಲದ ಅಧ್ಯಯನದಲ್ಲಿ ಸಹಸಂಬಂಧದ ಭಾಷೆಯಲ್ಲೇ ಬರೆಯಿರಿ: ಎರಡು ಸಂಗತಿಗಳು ಜೊತೆಗೆ ಕಂಡುಬಂದವು ಎನ್ನಿ, ಒಂದು ಇನ್ನೊಂದಕ್ಕೆ ಕಾರಣ ಎನ್ನಬೇಡಿ.

ಎಷ್ಟು ಜನ ಬೇಕು ಎಂಬ ಪ್ರಶ್ನೆಗೆ ರೂಢಿಯಿಂದ ಉತ್ತರಿಸುವವರೇ ಹೆಚ್ಚು. ಗುಂಪಿಗೆ 20 ಎಂಬುದು ಬಹುಕಾಲ ನಡೆದುಬಂದ ಅಭ್ಯಾಸ. ನಿಜವಾದ ಉತ್ತರ ಪರಿಣಾಮದ ಗಾತ್ರವನ್ನು ಅವಲಂಬಿಸಿದೆ. ಎರಡು ಗುಂಪುಗಳ ಸರಾಸರಿಯ ನಡುವಿನ ವ್ಯತ್ಯಾಸ ಅರ್ಧ ಪ್ರಮಾಣಿತ ವಿಚಲನೆಯಷ್ಟಿದ್ದರೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ ಇದು), 5 ಶೇಕಡಾ ಮಟ್ಟದ, ಅಂದರೆ ಇಲ್ಲದ ಪರಿಣಾಮವನ್ನು ಇದೆಯೆನ್ನುವ ಸಂಭವ 5 ಶೇಕಡಾ ಇರುವ, ಏರಿಕೆ ಇಳಿಕೆ ಎರಡನ್ನೂ ನೋಡುವ ಎರಡು ಬದಿಯ ಪರೀಕ್ಷೆಯಲ್ಲಿ ಅದನ್ನು 80 ಶೇಕಡಾ ಸಂಭವದೊಂದಿಗೆ ಹಿಡಿಯಲು ಗುಂಪಿಗೆ 64 ಜನ ಬೇಕು. ವ್ಯತ್ಯಾಸ 0.2 ಪ್ರಮಾಣಿತ ವಿಚಲನೆಯಷ್ಟೇ ಇದ್ದರೆ ಗುಂಪಿಗೆ 390ಕ್ಕೂ ಹೆಚ್ಚು.

ಆಮೇಲೆ, ಯಾವ ಅಳತೆ ಮುಖ್ಯ, ಯಾರ ದತ್ತಾಂಶವನ್ನು ಯಾವ ಕಾರಣಕ್ಕೆ ಕೈಬಿಡುತ್ತೀರಿ, ಸಂಗ್ರಹವನ್ನು ಎಲ್ಲಿ ನಿಲ್ಲಿಸುತ್ತೀರಿ, ಯಾವ ಪರೀಕ್ಷೆ ಹಾಕುತ್ತೀರಿ ಎಂಬುದನ್ನೆಲ್ಲ ಬರೆದು ಪೂರ್ವನೋಂದಣಿ ಮಾಡಿ, ಅಂದರೆ ದತ್ತಾಂಶ ಕೈಗೆ ಬರುವ ಮೊದಲೇ ದಾಖಲಿಸಿಡಿ. ಇದು ಕಾಗದಪತ್ರದ ಶಾಸ್ತ್ರವೆಂದು ತಿಳಿಯುವವರಿದ್ದಾರೆ. ಜೋಸೆಫ್ ಸಿಮನ್ಸ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದಂತೆ, ಎರಡು ಅಳತೆಗಳಲ್ಲಿ ಚೆನ್ನಾಗಿ ಬಂದುದನ್ನು ಆರಿಸುವುದು, ಫಲಿತಾಂಶ ನೋಡಿ ಇನ್ನಷ್ಟು ಜನರನ್ನು ಸೇರಿಸುವುದು ಮುಂತಾದ ನಾಲ್ಕು ಸಣ್ಣ ಸ್ವಾತಂತ್ರ್ಯಗಳನ್ನು ಒಟ್ಟಿಗೆ ತೆಗೆದುಕೊಂಡರೆ, ಇಲ್ಲದ ಪರಿಣಾಮವನ್ನು ಇದೆಯೆಂದು ಸಾರುವ ಸಂಭವ 5 ಶೇಕಡಾದಿಂದ ಸುಮಾರು 61 ಶೇಕಡಾಕ್ಕೆ ಏರುತ್ತದೆ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮರುಪ್ರಯೋಗಕ್ಕೆ ಒಡ್ಡಿದಾಗ, ಮೂಲದಲ್ಲಿ 97 ಶೇಕಡಾ ಸಂಖ್ಯಾಶಾಸ್ತ್ರೀಯವಾಗಿ ಗಣನೀಯ (ಬರಿಯ ಆಕಸ್ಮಿಕವೆಂದು ತಳ್ಳಿಹಾಕಲಾಗದ್ದು) ಎನಿಸಿದ್ದವು. ಮರುಪ್ರಯೋಗದಲ್ಲಿ ಹಾಗೆನಿಸಿದ್ದು 36 ಶೇಕಡಾ.

ಫಲಿತಾಂಶ ನಿಮ್ಮ ಊಹೆಗೆ ವಿರುದ್ಧವಾಗಿ ಬಂದರೆ ವರದಿಯಲ್ಲಿ ಪರಿಣಾಮದ ಗಾತ್ರವನ್ನೂ ಅದರ ವಿಶ್ವಾಸಾಂತರವನ್ನೂ (ನಿಜವಾದ ಗಾತ್ರ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂದು ತೋರಿಸುವ ವ್ಯಾಪ್ತಿಯನ್ನು) ಕೊಡಿ. ಈ ವ್ಯಾಪ್ತಿ ಶೂನ್ಯದ ಆಸುಪಾಸಿನಲ್ಲೇ ಕಿರಿದಾಗಿದ್ದರೆ ಪರಿಣಾಮ ಇಲ್ಲ ಅಥವಾ ನಗಣ್ಯ ಎಂದು ಹೇಳಲು ಆಧಾರವಿದೆ. ವಿಶಾಲವಾಗಿದ್ದರೆ ಅಧ್ಯಯನ ಏನನ್ನೂ ತೀರ್ಮಾನಿಸಿಲ್ಲ ಎಂದಷ್ಟೇ ಬರೆಯಬೇಕು. ದತ್ತಾಂಶ ನೋಡಿದ ಮೇಲೆ ಹೊಳೆದ ವಿವರಣೆಗಳನ್ನು ಬೇರೆಯೇ ಭಾಗದಲ್ಲಿ, ಅವು ಹೊಸ ಊಹೆಗಳೆಂದು ಹೆಸರಿಸಿಯೇ ಬರೆಯಿರಿ. ಅವುಗಳ ಪರೀಕ್ಷೆಗೆ ಹೊಸ ಜನ, ಹೊಸ ದತ್ತಾಂಶ ಬೇಕು.