ದೇವರ ಹೆಸರಿನಲ್ಲಿ ನಾನು ಬರೆದಿಟ್ಟ ಬಾಕಿ

ನಾನು 26 ವರ್ಷ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆದವಳು. ಅಲ್ಲಿಯ ಅಭ್ಯಾಸ ಪ್ರಾರ್ಥನೆಗೂ ಅಂಟಿಕೊಂಡಿತ್ತು. ಉದ್ದನೆಯ ಲೆಜರ್ ಪುಸ್ತಕವೊಂದರಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದ್ದೆ: ಕೇಳಿದ ದಿನ, ಸಿಕ್ಕಿದ ದಿನ, ಬಾಕಿ. ಮಗಳ ಕಾಲೇಜು ಸೀಟು, ಯಜಮಾನರ ಮಂಡಿನೋವು, ಪಕ್ಕದ ಮನೆಯವರ ಜಾಗದ ತಕರಾರು, ಎಲ್ಲಾ ಅದರಲ್ಲಿತ್ತು. ಸಿಕ್ಕಿದ್ದಕ್ಕೆ ಹಸಿರು ಟಿಕ್. ಸಿಗದೇ ಇದ್ದದ್ದಕ್ಕೆ ಕೆಂಪು ಶಾಯಿಯಲ್ಲಿ ತಿಂಗಳ ಎಣಿಕೆ. ಇದು ಭಕ್ತಿ ಅಂತಲೇ ನಾನು ತಿಳಿದಿದ್ದೆ. ನಮ್ಮ ಚರ್ಚಿನ ಪ್ರಾರ್ಥನಾ ಕೂಟದ ಹೆಂಗಸರಿಗೆ ಪುಸ್ತಕ ತೋರಿಸಿ, ನೀವೂ ಹೀಗೆ ಬರೆದಿಡಿ ಅಂತ ಬುದ್ಧಿ ಹೇಳಿದ್ದೂ ಉಂಟು.

ಆ ಪುಸ್ತಕದ ಅತಿ ಹಳೆಯ ಬಾಕಿ ನನ್ನ ತಮ್ಮನ ಕುಡಿತ. ಕೆಂಪು ಶಾಯಿಯಲ್ಲಿ 74 ತಿಂಗಳು ಅಂತ ಬರೆದಿದ್ದ ದಿನ ನನಗೆ ಚೆನ್ನಾಗಿ ನೆನಪಿದೆ. ಪೆನ್ನು ಒತ್ತಿ ಒತ್ತಿ ಹಿಂದಿನ ಹಾಳೆಯಲ್ಲೂ ಅಚ್ಚು ಬಿದ್ದಿತ್ತು. ಸಾಲ ತೀರಿಸದವರ ಹೆಸರನ್ನು ಆಫೀಸಿನಲ್ಲಿ ಬರೆಯುವಾಗ ಬರುವ ಸಿಟ್ಟೇ ಅದು. ಆದರೆ ಇಲ್ಲಿ ಸಾಲಗಾರ ಯಾರು? ಆಗ ನಾನು ಆ ಪ್ರಶ್ನೆ ಕೇಳಿಕೊಳ್ಳಲಿಲ್ಲ.

ಮುಂದಿನ ತಿಂಗಳು ತಮ್ಮ ಕುಡಿತ ಬಿಟ್ಟ. ಒಂದು ವಾರ, ಎರಡು ವಾರ, ಮೂರು ವಾರ. ಮೂರನೇ ಶುಕ್ರವಾರ ನಮ್ಮ ಮನೆಯಲ್ಲಿ ಉಪವಾಸ ಪ್ರಾರ್ಥನೆ. ಹೊರಗಿನಿಂದ ಒಬ್ಬ ಪ್ರಸಂಗಿಗಳು, ಅಂದರೆ ಉಪದೇಶ ಮಾಡುವವರು, ಬರುವವರಿದ್ದರು. ಅವರ ಮುಂದೆ ತಮ್ಮ ಎದ್ದು ಸಾಕ್ಷಿ ಹೇಳಲೇಬೇಕು, ದೇವರು ತನಗೆ ಮಾಡಿದ್ದನ್ನು ಎಲ್ಲರೆದುರು ಹೇಳಬೇಕು ಅಂತ ನಾನು ಹಟ ಹಿಡಿದೆ. ಅವನು "ಅಕ್ಕಾ, ಇಷ್ಟು ಲಗೂನ ಬ್ಯಾಡ" ಅಂದ. "ದೇವರ ಮಹಿಮೆಗೆ ನಾಚಿಕೆ ಏನಪಾ?" ಅಂದೆ ನಾನು. ಪಾಪ, ಎದ್ದು ನಿಂತ. ಚಾಪೆಯ ಅಂಚನ್ನು ಕಾಲ್ಬೆರಳಿನಿಂದ ಮಡಚುತ್ತಾ, "ನಾ ಬಿಟ್ಟೀನಿ. ದೇವರ ದಯಾ" ಅಂದು ಕೂತುಬಿಟ್ಟ. ಮನೆ ತುಂಬಾ ಜನ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಹೋದ ಮೇಲೆ ನಾನು ಮೊದಲು ಮಾಡಿದ ಕೆಲಸ ಪುಸ್ತಕ ತೆಗೆದು ಹಸಿರು ಟಿಕ್ ಹಾಕಿದ್ದು.

ಮಂಗಳವಾರ ರಾತ್ರಿ ಅವನನ್ನು ಯಾರೋ ಆಟೋದಲ್ಲಿ ತಂದು ಬಿಟ್ಟರು.

ಕುಡಿದದ್ದಕ್ಕಿಂತ ಆಮೇಲೆ ಆದದ್ದೇ ಕೆಟ್ಟದು. ಅವನು ಚರ್ಚಿನ ಸಭೆಗೆ ಬರುವುದನ್ನೇ ಬಿಟ್ಟ. ಕುಡಿಯುತ್ತಿದ್ದಾಗಲೂ ಹಿಂದಿನ ಬೆಂಚಿನಲ್ಲಿ ಕೂತು ಹೋಗುತ್ತಿದ್ದವನು. ಕೇಳಿದರೆ, "ಅಷ್ಟು ಮಂದಿ ಮುಂದ ಚಪ್ಪಾಳಿ ಹೊಡಿಸಿದಿ. ಈಗ ಅವರಿಗೆ ಮಾರಿ ಹ್ಯಾಂಗ ತೋರಸ್ಲಿ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಸ್ಟರ್ ಹಬ್ಬಕ್ಕೆ ಮುಂಚಿನ 40 ದಿನಗಳ ಉಪವಾಸ ಕಾಲದಲ್ಲಿ, ಆ ವರ್ಷ, ಸತ್ಯವೇದದ (ಬೈಬಲಿನ) 1 ಸಮುವೇಲನ 13ನೇ ಅಧ್ಯಾಯ ಓದಲು ಬಂತು. ಎಷ್ಟೋ ಸಲ ಓದಿದ್ದೇ. ಶತ್ರುಗಳಾದ ಫಿಲಿಷ್ಟಿಯರು ಮಿಕ್ಮಾಷಿನಲ್ಲಿ ದಂಡು ಇಳಿಸಿದ್ದಾರೆ. ಇಸ್ರಾಯೇಲಿನ ಅರಸ ಸೌಲನ ಜನ ಗವಿಗಳಲ್ಲಿ, ಗುಂಡಿಗಳಲ್ಲಿ ಅಡಗಿಕೊಳ್ಳುತ್ತಿದ್ದಾರೆ. 7 ದಿನ ಕಾಯಬೇಕು, ತಾನೇ ಬಂದು ಹೋಮ ಅರ್ಪಿಸುತ್ತೇನೆ ಅಂತ ಪ್ರವಾದಿ ಸಮುವೇಲ ಹೇಳಿದ್ದ. ಸೌಲ ಕಾದ. 7ನೇ ದಿನವೂ ಸಮುವೇಲ ಬರಲಿಲ್ಲ, ಜನ ಚೆದರುತ್ತಿದ್ದರು. ಸೌಲ ತಾನೇ ಸರ್ವಾಂಗಹೋಮ, ಅಂದರೆ ಪೂರ್ತಿ ಸುಟ್ಟು ಕೊಡುವ ಬಲಿ, ಅರ್ಪಿಸಿದ. ಅದು ಮುಗಿಯುತ್ತಿದ್ದ ಹಾಗೇ ಸಮುವೇಲ ಬಂದ.

ಸೌಲ ಮಾಡಿದ್ದು ಕಳ್ಳತನ ಅಲ್ಲ, ಕೊಲೆ ಅಲ್ಲ. ಆರಾಧನೆ. ಅದೇ ನನ್ನನ್ನು ಚುಚ್ಚಿತು. ಬಿಟ್ಟುಹೋಗುತ್ತಿದ್ದ ಜನರನ್ನು ಹಿಡಿದಿಡಲು ಅವನು ಹೋಮವನ್ನು ಬಳಸಿಕೊಂಡ. ನಾನು ನನ್ನ ತಮ್ಮನ ಸಾಕ್ಷಿಯನ್ನು ಬಳಸಿಕೊಂಡೆ. ಆಮೇಲೆ ಸೌಲ ಕೊಟ್ಟ ಕಾರಣಗಳನ್ನು ನೋಡಿ: ಜನ ಚೆದರಿದರು, ನೀನು ಹೇಳಿದ ಹೊತ್ತಿಗೆ ಬರಲಿಲ್ಲ, ಶತ್ರುಗಳು ಹತ್ತಿರ ಇದ್ದರು. ಒಂದೂ ಸುಳ್ಳಲ್ಲ. ನನ್ನ ಕಾರಣಗಳೂ ಸುಳ್ಳಾಗಿರಲಿಲ್ಲ.

ಬಸ್ ತಡವಾದಾಗ ಗೊಣಗುವುದು, ಮಕ್ಕಳ ಮೇಲೆ ರೇಗುವುದು ಇವನ್ನೇ ಅಸಹನೆ ಅಂತ ನಾನು ತಿಳಿದಿದ್ದೆ. ಅವು ಸಣ್ಣವು, ಗೊತ್ತಾಗುತ್ತವೆ, ಕ್ಷಮೆ ಕೇಳಬಹುದು. ಭಕ್ತಿಯ ಬಟ್ಟೆ ಉಟ್ಟು ಬರುವ ಅಸಹನೆ ಗೊತ್ತೇ ಆಗುವುದಿಲ್ಲ. ಅದನ್ನು ಸಭೆಯಲ್ಲಿ ಉತ್ಸಾಹ ಅಂತ ಹೊಗಳುತ್ತಾರೆ. ನನ್ನನ್ನೂ ಹೊಗಳಿದ್ದರು.

ಇನ್ನೊಂದು ವಿಷಯ ತಿಳಿಯಲು ನನಗೆ ಜಾಸ್ತಿ ದಿನ ಹಿಡಿಯಿತು. ಅವಸರಪಡಬಾರದು ಅಂತ ನಿಶ್ಚಯ ಮಾಡಿದ ಮೇಲೆ ನಾನು ದೇವರ ಹತ್ತಿರ ಅಳುವುದನ್ನೂ ಬಿಟ್ಟಿದ್ದೆ. ಬಾಯಿ ಮುಚ್ಚಿಕೊಂಡು ಇರುವುದೇ ತಾಳ್ಮೆ ಅಂತ. ಅದು ತಪ್ಪು. 13ನೇ ಕೀರ್ತನೆ ತೆರೆದು ನೋಡಿ, ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ "ಎಷ್ಟರವರೆಗೆ" ಅನ್ನುವ ಕೂಗು ಇದೆ. ಹಾಗೆ ಕೇಳಿದ್ದಕ್ಕೆ ಆ ಕೀರ್ತನೆಗಾರನಿಗೆ ಬೈಗುಳ ಬೀಳಲಿಲ್ಲ. ಕೂಗುವವನು ಇನ್ನೂ ಕಾಯುತ್ತಿದ್ದಾನೆ, ಅಲ್ವಾ? ಸೌಲ ಕೂಗಲಿಲ್ಲ. ತಾನೇ ಮುಗಿಸಿಬಿಟ್ಟ.

ಇನ್ನು ನಾನು ಏನು ಮಾಡಿದೆ ಅನ್ನುವುದು. ಕಲಿಸುವಷ್ಟು ದೊಡ್ಡವಳಲ್ಲ ನಾನು. ಸುಮಾರು 200ನೇ ಇಸವಿಯಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನ ತೆರ್ತುಲ್ಲಿಯನ್ ಅನ್ನುವ ಕ್ರೈಸ್ತ ಲೇಖಕರು ತಾಳ್ಮೆಯ ಬಗ್ಗೆ ಒಂದು ಪುಸ್ತಕ ಬರೆದರು. ತಮಗೇ ತಾಳ್ಮೆ ಇಲ್ಲ, ಕಾಯಿಲೆಯವರು ಆರೋಗ್ಯದ ಮಾತಾಡಿದ ಹಾಗೆ ತಾನು ಬರೆಯುತ್ತಿದ್ದೇನೆ ಅಂತ ಶುರುವಿನಲ್ಲೇ ಒಪ್ಪಿಕೊಂಡರು. ನನ್ನದೂ ಅದೇ ಸ್ಥಿತಿ.

ಮೊದಲು ಪುಸ್ತಕ. ಸುಟ್ಟುಹಾಕೋಣ ಅನಿಸಿತ್ತು. ಅದೂ ಅವಸರವೇ. ಸುಮ್ನೆ ಒಂದು ಸ್ಕೇಲ್ ಇಟ್ಟು, ಬಾಕಿ ಕಾಲಂ ಇರುವ ಭಾಗವನ್ನು ಒಂದೊಂದೇ ಹಾಳೆಯಿಂದ ಹರಿದು ತೆಗೆದೆ. 90 ಚಿಲ್ಲರೆ ಹಾಳೆ. ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು. ಹೆಸರುಗಳು ಉಳಿದವು, ಕೇಳಿದ ದಿನವೂ ಉಳಿಯಿತು. ತಮ್ಮನ ಹೆಸರಿನ ಮುಂದಿದ್ದ ಹಸಿರು ಟಿಕ್ ಮಾತ್ರ ಹೋಗಲಿಲ್ಲ, ಈಗಲೂ ಇದೆ. ಆ ಹಾಳೆ ಬಂದಾಗೆಲ್ಲ ಮುಖ ಬಿಸಿಯಾಗುತ್ತದೆ.

ಆಮೇಲೆ ಓದು. ಸತ್ಯವೇದದಲ್ಲಿ 66 ಪುಸ್ತಕ, 1,189 ಅಧ್ಯಾಯ. ವರ್ಷಕ್ಕೊಂದು ಸಲ ಮುಗಿಸಬೇಕಾದರೆ ದಿನಕ್ಕೆ ಮೂರೂ ಕಾಲು ಅಧ್ಯಾಯ. ಎಂಟು ವರ್ಷ ಹಾಗೆ ಓಡಿಸಿದ್ದೆ. ಡಿಸೆಂಬರ್ ಕೊನೆಯಲ್ಲಿ ಬಾಕಿ ಉಳಿದರೆ ಒಂದೇ ರಾತ್ರಿ ಹತ್ತು ಅಧ್ಯಾಯ! ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಪೂರ್ತಿ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಬರುವಷ್ಟರಲ್ಲಿ 20 ವರ್ಷ ದಾಟಿತ್ತು. ಅದನ್ನು ನಾನು ಬಸ್ ಹಿಡಿಯುವವಳ ಹಾಗೆ ಓದುತ್ತಿದ್ದೆ. ಈಗ ವಾರಕ್ಕೆ ಒಂದೇ ಅಧ್ಯಾಯ, ಏಳು ದಿನವೂ ಅದೇ. ಮೂರನೇ ದಿನ ಬೇಜಾರಾಗುತ್ತದೆ. ಐದನೇ ದಿನದ ಹೊತ್ತಿಗೆ ಒಂದು ಮಾತು ಕಣ್ಣಿಗೆ ಬೀಳುತ್ತದೆ. ಹಾಗೆ ಕಂಡದ್ದೇ ಗಲಾತ್ಯದವರಿಗೆ ಬರೆದ ಪತ್ರಿಕೆಯ "ದೀರ್ಘಶಾಂತಿ". ಆತ್ಮನ ಫಲಗಳ ಸಾಲಿನಲ್ಲಿದೆ. ಗ್ರೀಕಿನ ಮೂಲ ಮಾತಿಗೆ ಸಿಟ್ಟು ಬರಲು ಬಹಳ ಹೊತ್ತು ಹಿಡಿಯುವುದು ಅನ್ನುವ ಅರ್ಥ ಅಂತ ನಮ್ಮ ಅಯ್ಯನವರು, ಚರ್ಚಿನ ಪಾದ್ರಿಗಳು, ಹೇಳಿದರು. ನನಗೆ ನಗು ಬಂತು. ನನಗೆ ಹಿಡಿಯುವುದು ಎರಡು ನಿಮಿಷ.

ಬೆಳಗಿನ ಪ್ರಾರ್ಥನೆಯನ್ನು ಒಲೆಯ ಮುಂದೆ ತಂದೆ. ಜೋಳದ ರೊಟ್ಟಿಗೆ ಎಸರು ಇಡುತ್ತೇವಲ್ಲ, ನೀರು ಮರಳುವ ತನಕ ಬೇರೆ ಕೆಲಸ ಇಲ್ಲ, 130ನೇ ಕೀರ್ತನೆ ಅಷ್ಟೇ. ಮುಂಚೆ ಆ ಹೊತ್ತಿನಲ್ಲಿ ಫೋನ್ ನೋಡುತ್ತಿದ್ದೆ. ಎಸರು ಸರಿಯಾಗಿ ಕುದಿಯುವ ಮುಂಚೆ ಹಿಟ್ಟು ಹಾಕಿದರೆ ನಾದಿದಾಗ ಜಿಗುಟು ಬರುವುದಿಲ್ಲ, ಬಡಿಯುವಾಗ ರೊಟ್ಟಿಯ ಅಂಚು ಸೀಳುತ್ತದೆ. ಇದು ನಮ್ಮ ಕಡೆ ಹುಡುಗಿಯರಿಗೂ ಗೊತ್ತು. ಆ ಕೀರ್ತನೆಯಲ್ಲಿ ಕಾವಲುಗಾರರು ಬೆಳಗಾಗುವುದನ್ನು ಕಾಯುವ ಮಾತು ಎರಡು ಸಲ ಬರುತ್ತದೆ. ಕಾವಲುಗಾರ ನಿದ್ದೆಗೆಟ್ಟರೂ ಸೂರ್ಯ ಬೇಗ ಹುಟ್ಟುವುದಿಲ್ಲ. ಎಚ್ಚರ ಇರುವುದಷ್ಟೇ ಅವನ ಪಾಲು. ಎಸರು ಕುದಿಯಲು ಆರೇಳು ನಿಮಿಷ. ಮೊದಲ ತಿಂಗಳು ಅಷ್ಟೂ ನಿಲ್ಲಲು ಆಗಲಿಲ್ಲ. ಗ್ಯಾಸ್ ದೊಡ್ಡದು ಮಾಡುತ್ತಿದ್ದೆ.

ಕಷ್ಟದ್ದು ನಾಲ್ಕನೆಯದು. ತಮ್ಮ ತಾನಾಗಿ ಕೇಳುವ ತನಕ ಅವನ ಹತ್ತಿರ ದೇವರ ಮಾತು, ಸಭೆಯ ಮಾತು, ಕುಡಿತದ ಮಾತು ಎತ್ತಬಾರದು. ಇದಕ್ಕೆ ನಮ್ಮ ಕೂಟದಲ್ಲೇ ವಿರೋಧ ಬಂತು. ಒಂದು ಆತ್ಮ ನಾಶವಾಗುತ್ತಿರುವಾಗ ಸುಮ್ಮನಿರುತ್ತೀರಾ ಅಂದರು. ಪ್ರಶ್ನೆ ಸರಿಯಾದದ್ದೇ. ಆದರೆ 74 ತಿಂಗಳು ಮಾತಾಡಿದವಳು ನಾನು, ಫಲ ನೋಡಿದ್ದೇನೆ. ಭಾನುವಾರ ಸಂಜೆ ಅವನಿಗೆ ಚಹಾ ಮಾಡಿ ಕೊಡುತ್ತೇನೆ. ಕಡಲೆ ರೇಟು, ಅವನ ಟೆಂಪೋ ಟಯರು, ಅಮ್ಮನ ಬಿಪಿ ಮಾತ್ರೆ, ಇದೇ ಮಾತು. ನಾಲಿಗೆಯ ತುದಿಗೆ ವಚನ ಬಂದು ನಿಲ್ಲುತ್ತದೆ. ಚಹಾ ಕುಡಿದುಬಿಡುತ್ತೇನೆ.

ಈ ತಾಳ್ಮೆಯ ಮಾತನ್ನು ತಪ್ಪಾಗಿ ಬಳಸುವವರೂ ಇದ್ದಾರೆ, ಅದನ್ನು ಹೇಳಲೇಬೇಕು. ಗಂಡನ ಕೈಯಲ್ಲಿ ಪೆಟ್ಟು ತಿಂದು ಬಂದ ಹುಡುಗಿಯೊಬ್ಬಳಿಗೆ, "ತಾಳ್ಮೆಯಿಂದಿರು, ಯೋಬನನ್ನು ನೋಡು" ಅಂತ ಹೇಳಿದವರನ್ನು ಕಣ್ಣಾರೆ ಕಂಡಿದ್ದೇನೆ. ಸತ್ಯವೇದದಲ್ಲಿ ಕಷ್ಟಗಳನ್ನು ತಾಳಿಕೊಂಡ ಆ ಯೋಬನನ್ನು ಯಾವ ಗಂಡ ಹೊಡೆಯುತ್ತಿದ್ದ? ಅವಳನ್ನು ಅವತ್ತೇ ತವರಿಗೆ ಕರೆದುಕೊಂಡು ಹೋದೆವು. ಒಂದು ದಿನವೂ ಕಾಯಲಿಲ್ಲ, ಅದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ.

ಯಜಮಾನರದು ಗದಗ ಕಡೆ ನಾಲ್ಕೆಕರೆ ಎರಿ (ಕಪ್ಪು ಮಣ್ಣಿನ) ಹೊಲ, ಹಿಂಗಾರಿ ಬಿಳಿಜೋಳ. ಮಳೆ ನಿಂತ ತಕ್ಷಣ ಹೊಲಕ್ಕೆ ಇಳಿಯುವ ಹಾಗಿಲ್ಲ. ಹದ ಬರಬೇಕು. ಮುಷ್ಟಿಯಲ್ಲಿ ಮಣ್ಣು ಹಿಡಿದು ಒತ್ತಿ ಬಿಟ್ಟರೆ ಉಂಡೆ ಒಡೆಯಬೇಕು, ಬೆರಳಿಗೆ ಮೆತ್ತಬಾರದು. ಒಂದು ವರ್ಷ ಪಕ್ಕದ ಹೊಲದವರು ಬಿತ್ತಿದರು ಅಂತ ನಾನೇ ಇವರಿಗೆ ಗಂಟು ಬಿದ್ದೆ. ಹೋದರು. ಬಿತ್ತುವ ಕೂರಿಗೆಯ ತಾಳಿಗೆಲ್ಲ ಮಣ್ಣು ಮೆತ್ತಿಕೊಂಡು ಕಾಳು ಕೆಳಗೆ ಇಳಿಯಲೇ ಇಲ್ಲ. ಅರ್ಧ ಎಕರೆ ಮತ್ತೆ ಬಿತ್ತಬೇಕಾಯಿತು. ಇವರು ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ದೊಡ್ಡದು. ಸತ್ಯವೇದದ ಯಾಕೋಬನ ಪತ್ರಿಕೆಯಲ್ಲಿ ಮುಂಗಾರು ಹಿಂಗಾರು ಎರಡಕ್ಕೂ ಕಾಯುವ ಒಕ್ಕಲಿಗ ಇದ್ದಾನಲ್ಲ, ಅವನನ್ನು ಓದುವಾಗೆಲ್ಲ ಇವರ ನೆನಪೇ. (ಆ ಇಸ್ರಾಯೇಲ್ ನಾಡಿನಲ್ಲಿ ಮೊದಲ ಮಳೆ ಬರುವುದು ಅಕ್ಟೋಬರ್-ನವೆಂಬರಿನಲ್ಲಿ, ನಮ್ಮ ಹಿಂಗಾರಿನ ಹೊತ್ತಿಗೆ. ಹೆಸರು ನಮ್ಮದು, ಮಳೆ ಅವರದು.)

ನಾನು ಬದಲಾಗಿದ್ದೇನಾ? ಸಂಡೇ ಸ್ಕೂಲಿನ ಮಕ್ಕಳನ್ನು ಕೇಳಿದರೆ ಇಲ್ಲ ಅನ್ನುತ್ತಾರೆ. ಕಂಠಪಾಠ ಒಪ್ಪಿಸುವ ಹುಡುಗ ತಡವರಿಸಿದರೆ ಮುಂದಿನ ಮಾತು ನಾನೇ ಹೇಳಿಬಿಡುತ್ತೇನೆ. ಹೋದ ಕ್ರಿಸ್ಮಸ್ ನಾಟಕದಲ್ಲಿ ಕುರುಬನ ಪಾತ್ರದವನು ಹೊರಗೆ ಬರುವುದು ತಡವಾಯಿತು ಅಂತ ಪರದೆಯ ಹಿಂದೆ ಅವನನ್ನು ದೂಡಿದೆ, ಕುರಿಯ ಸಮೇತ ಬಿದ್ದ.

ತಮ್ಮ ಈಗ ಭಾನುವಾರ ನನ್ನನ್ನು ಬೈಕಿನಲ್ಲಿ ಚರ್ಚಿಗೆ ಬಿಡುತ್ತಾನೆ. ಒಳಗೆ ಬರುವುದಿಲ್ಲ. ಎದುರಿನ ಚಹಾದಂಗಡಿಯಲ್ಲಿ ಕೂತಿರುತ್ತಾನೆ. ಕುಡಿತ ಕಮ್ಮಿಯಾಗಿದೆಯಾ? ಇರಬಹುದು, ನಾನು ಎಣಿಸುತ್ತಿಲ್ಲ. ಹೋದ ಭಾನುವಾರ ಪ್ರಸಂಗ ಬಹಳ ಉದ್ದವಾಯಿತು. ಅವನು ಹೊರಗೆ ಕಾಯುತ್ತಿದ್ದಾನಲ್ಲ ಅಂತ ನಾನು ನಾಲ್ಕೈದು ಸಲ ಗಡಿಯಾರ ನೋಡಿದೆ. ಹೊರಗೆ ಬಂದಾಗ ಅವನು ಬೈಕ್ ಸ್ಟಾರ್ಟ್ ಮಾಡಲಿಲ್ಲ. ಹೆಲ್ಮೆಟ್ ಕೈಯಲ್ಲೇ ಹಿಡಿದುಕೊಂಡು ಕೇಳಿದ:

"ಅಯ್ಯನವರು ಇವತ್ತ ಏನ್ ಹೇಳಿದ್ರ ಅಕ್ಕಾ? ಭಾಳೊತ್ತು ಆತಲ್ಲ?"

ಎರಡು ವರ್ಷದಲ್ಲಿ ಅವನು ಹಾಗೆ ಕೇಳಿದ್ದು ಅದೇ ಮೊದಲು. ನನಗೆ ಪ್ರಸಂಗದ ಒಂದು ಮಾತೂ ನೆನಪಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಜೋರಾಗಿ ನಕ್ಕು, "ಗಾಡಿ ಹತ್ತು" ಅಂದ.