ಕಮಾನಿಗಿಂತ ಮೊದಲು ಚರಂಡಿ

ಕಾರವಾರದ ಕಡಲತೀರದಲ್ಲಿ ರಾಜ್ಯಮಟ್ಟದ ಬೀಚ್ ವಾಲಿಬಾಲ್ ನಡೆಸುವುದು ಅಂತ ತೀರ್ಮಾನವಾದಾಗ ಕಾಮಗಾರಿಯ ಉಸ್ತುವಾರಿ ನನ್ನ ತಲೆಗೆ ಬಂತು. ನಾನು ಸಿವಿಲ್ ಎಂಜಿನಿಯರ್, ಊರಿನವನೇ. ಮೊದಲ ಸಭೆಯಲ್ಲಿ ಚರ್ಚೆಯಾದದ್ದೆಲ್ಲ ಸ್ವಾಗತ ಕಮಾನು, ಬಣ್ಣದ ದೀಪ. ಚರಂಡಿಯ ಮಾತೆತ್ತಿದರೆ ಎಲ್ಲರೂ ಮೊಬೈಲ್ ನೋಡುತ್ತಾರೆ.

ನಮ್ಮ ಕಡೆ ಕೆಲಸಕ್ಕೆ ಸಿಗುವ ಕಾಲವೇ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಒದ್ದೆ ಜಲ್ಲಿಯ ಮೇಲೆ ಡಾಂಬರು ಹಿಡಿಯುವುದಿಲ್ಲ. ಡಿಸೆಂಬರಿನ ಪಂದ್ಯಕ್ಕೆ ನಿಜವಾಗಿ ಕೈಗೆ ಸಿಗುವುದು ಅಕ್ಟೋಬರ್, ನವೆಂಬರ್ ಮಾತ್ರ. ಹಾಗಾಗಿ ಟೆಂಡರ್, ಅನುಮತಿಯ ಓಡಾಟವನ್ನೆಲ್ಲ ಮಳೆಗಾಲದಲ್ಲೇ ಮುಗಿಸಿದೆವು. ನೀರಿನವರು, ಕರೆಂಟಿನವರು, ಕೇಬಲ್‌ನವರು, ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಅಗೆಯುವುದಿದ್ದರೆ ಡಾಂಬರಿಗೆ ಮೊದಲೇ ಅಗೆಯಿರಿ ಅಂದೆ.

ಜಾಸ್ತಿ ತಲೆ ಕೆಡಿಸಿದ್ದು ತೀರಕ್ಕೆ ಬಂದು ಸೇರುವ ಒಂದು ಚರಂಡಿ. ನೋಡಲು ಹೋದಾಗ ನೀರು ಸರಾಗವಾಗಿ ಹರಿಯುತ್ತಿತ್ತು. ಪಕ್ಕದಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ನಕ್ಕರು. "ಅಮಾಸೆ ದಿನ ಭರತಿ ಹೊತ್ತಿಗೆ ಬನ್ನಿ ಸರ್, ಆಗ ಗೊತ್ತಾಗ್ತದೆ."

ಹೋದೆ. ಅಮಾವಾಸ್ಯೆ, ಹುಣ್ಣಿಮೆಗೆ ಇಲ್ಲಿ ಭರತಿಗೂ ಇಳಿತಕ್ಕೂ ಒಂದೂವರೆಯಿಂದ ಎರಡು ಮೀಟರ್‌ವರೆಗೆ ವ್ಯತ್ಯಾಸ. ಸಮುದ್ರ ಚರಂಡಿಯ ಬಾಯಿಗೇ ಬಂದು ನಿಂತಿತ್ತು. ಕೊಳಚೆ ಹಿಂದಕ್ಕೆ ತಿರುಗಿ, ನಾವು ಗ್ಯಾಲರಿ ಹಾಕಬೇಕೆಂದಿದ್ದ ಜಾಗದ ಅಂಚಿಗೆ ಉಕ್ಕುತ್ತಿತ್ತು. ಚರಂಡಿ ಅಗಲ ಮಾಡಿ ಅಂತ ಸಲಹೆ ಬಂತು. ಮಾಡಿದರೆ ಸಮುದ್ರಕ್ಕೆ ಇನ್ನೂ ದೊಡ್ಡ ಬಾಗಿಲು ತೆರೆದಂತೆ, ಅಷ್ಟೇ.

ನಾವು ಮಾಡಿದ್ದು ಬೇರೆ. ಮೊದಲು ಹೂಳು ತೆಗೆಸಿದೆವು. ಬಾಯಿಗೆ ಮೇಲಿನಿಂದ ತೂಗುವ ಮುಚ್ಚಳ ಹಾಕಿದೆವು. ಒಳಗಿನ ನೀರು ತಳ್ಳಿದರೆ ತೆರೆಯುತ್ತದೆ, ಹೊರಗಿನ ಸಮುದ್ರ ತಳ್ಳಿದರೆ ಮುಚ್ಚಿಕೊಳ್ಳುತ್ತದೆ. ಇಳಿತ ಬರುವವರೆಗೆ ನೀರು ನಿಲ್ಲಲು ಹಿಂದೆ ಒಂದು ತೊಟ್ಟಿ. ಉಪ್ಪುಗಾಳಿಗೆ ಸಾದಾ ಕಬ್ಬಿಣದ ತಿರುಗಣೆ ಬಾಳುವುದಿಲ್ಲ, ಸ್ಟೇನ್‌ಲೆಸ್ ಸ್ಟೀಲ್‌ನದ್ದೇ ಬೇಕು. ಇಷ್ಟಾದರೂ ಮುಚ್ಚಳದ ಅಡಿಗೆ ಮರಳು ಸಿಕ್ಕಿಕೊಂಡರೆ ಸಂದಿ ಬಿಡುತ್ತದೆ. ದಿನಾ ಒಬ್ಬರು ಕೆರೆದು ತೆಗೆಯಬೇಕು. ಆ ಕೂಲಿಯನ್ನು ಕಮಾನಿನ ಲೆಕ್ಕದಿಂದ ಕತ್ತರಿಸಿದೆ. ಒಂದಿಬ್ಬರು ಮುಖ ಗಂಟಿಕ್ಕಿಕೊಂಡರು, ಇರಲಿ.

ಅಂಕಣ 16 ಮೀಟರ್ ಉದ್ದ, 8 ಮೀಟರ್ ಅಗಲ. ಸುತ್ತ ಕನಿಷ್ಠ 3 ಮೀಟರ್ ಖಾಲಿ ಬೇಕು. ಸಮುದ್ರದ ದಂಡೆ ಅಲ್ವಾ, ಮರಳಿಗೇನು ಕಮ್ಮಿ ಅನ್ನಿಸಬಹುದು. ಆದರೆ ಕನಿಷ್ಠ 40 ಸೆಂಟಿಮೀಟರ್ ಆಳದವರೆಗೆ ಚಿಪ್ಪು, ಕಲ್ಲು, ಗಾಜು ಇರಕೂಡದು. ಬರಿಗಾಲಲ್ಲಿ ಹಾರಿ ಬೀಳುವ ಆಟ ಇದು. ಇಡೀ ಅಂಕಣದ ಮರಳನ್ನು ಜರಡಿ ಹಿಡಿಸಿದೆವು. ರಾಶಿ ಬಿದ್ದ ಚಿಪ್ಪಿನ ಚೂರುಗಳ ಜೊತೆ ಬಾಟಲಿ ಮುಚ್ಚಳಗಳೂ ಬೇಕಾದಷ್ಟು ಸಿಕ್ಕವು.

ಗ್ಯಾಲರಿ ಬಾಡಿಗೆಯದ್ದು. ದಂಡೆಯಲ್ಲಿ ಕಾಯಂ ಕಟ್ಟಡಕ್ಕೆ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬಿಡುವುದಿಲ್ಲ, ಬಿಟ್ಟರೂ ನಾನು ಕಟ್ಟಿಸುತ್ತಿರಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಐಫೆಲ್ ಟವರ್ ಪಕ್ಕದ ಬೀಚ್ ವಾಲಿಬಾಲ್ ಕ್ರೀಡಾಂಗಣವೇ ತಾತ್ಕಾಲಿಕ. ನಮಗೇಕೆ ಕಾಂಕ್ರೀಟ್?

ಗೋವಾ ಕಡೆಯ ವಾಹನಗಳದ್ದು ಇನ್ನೊಂದು ಚಿಂತೆ. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದಿತ್ತು. ಹೋಗಿ ಬರುವ ಗಾಡಿಗಳಿಗೆಲ್ಲ ಆಗ ಹೊಸ ಸೇತುವೆಯೊಂದೇ ದಾರಿಯಾಗಿತ್ತು. ಅದಕ್ಕೇ ಆ ಕಡೆಯಿಂದ ಬರುವ ಪ್ರೇಕ್ಷಕರ ಕಾರುಗಳನ್ನು ನದಿಯಾಚೆಯ ಸದಾಶಿವಗಡದಲ್ಲೇ ನಿಲ್ಲಿಸಿ, ಬಸ್ಸಿನಲ್ಲಿ ಕರೆತಂದೆವು.

ಶೌಚಾಲಯದ ವಿಷಯಕ್ಕೆ ಆಟಗಾರ್ತಿಯರನ್ನೇ ಕೇಳಿದೆ. ಅವರು ಟೈಲ್ಸ್ ಕೇಳಲಿಲ್ಲ. ಒಳಗಿನಿಂದ ಹಾಕುವ ಗಟ್ಟಿ ಚಿಲಕ, ಬಟ್ಟೆ ನೇತುಹಾಕಲು ಕೊಕ್ಕೆ, ಮರಳು ತೊಳೆಯಲು ಹೊರಗೊಂದು ನಲ್ಲಿ, ಹೋಗುವ ದಾರಿಗೆ ಲೈಟು ಕೇಳಿದರು. ನಾಲ್ಕನ್ನೂ ಹಾಕಿಸಿದೆವು. ಪಂದ್ಯ ಮುಗಿದು ಗ್ಯಾಲರಿ ಬಿಚ್ಚಿದ ಮೇಲೆ, ಆ ನಲ್ಲಿಯನ್ನೂ ಲೈಟನ್ನೂ ಮಾತ್ರ ತೆಗೆಯಬೇಡಿ ಅಂತ ಬರೆದುಕೊಟ್ಟೆ.